ಬಿ.ಎ. ಆದವರ ಜಮಾ-ಖರ್ಚು

ರಾಜ್ಯೋತ್ಸವದ ಸಮಾರಂಭ ಮುಗಿದು, ಭಾಷಣಗಳೆಲ್ಲ ಶಾಂತವಾಗಿ, ಜನರು ಉಪ್ಪಿಟ್ಟಿನ ಸಾಲಿನಲ್ಲಿ ನಿಂತಿದ್ದ ಶನಿವಾರದ ಸಂಜೆ ಒಬ್ಬ ತಾಯಿ ನಮ್ಮನ್ನು ತಡೆದು ನಿಲ್ಲಿಸಿದರು. ಕೈಯಲ್ಲಿ ಬಿಸಿ ತಟ್ಟೆ ಹಿಡಿದ ಮನುಷ್ಯ ಓಡಿಹೋಗಲಾರನೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತೆಂದು ಕಾಣುತ್ತದೆ.

"ನೀವು ಬಿ.ಎ. ಮಾಡಿ ಲೆಕ್ಕದ ಕೆಲಸಕ್ಕ ಹೋದವರಂತ, ಖರೇ ಏನ್ರಿ?"

ಹೌದೆಂದೆವು. ಕಳವು ಒಪ್ಪಿಕೊಳ್ಳುವವರ ದನಿಯಲ್ಲಿ ಎಂದೆವು.

"ನಮ್ಮ ಮಗಳೂ ಬಿ.ಎ. ಆಗ್ಯಾಳ್ರಿ, ಸಮಾಜಶಾಸ್ತ್ರ ತಗೊಂಡು. ಈಗ ಅಕೌಂಟ್ಸ್ ಕಲೀತೀನಿ ಅಂತಾಳ. ಯಾವದೋ ಕ್ಲಾಸಿನವರು ಆರು ತಿಂಗಳದಾಗ ಕಲಿಸಿ ನೌಕರೀನೂ ಕೊಡಸ್ತೀವಿ ಅಂದಾರಂತ. ಸೋಮವಾರದೊಳಗ 85 ಸಾವಿರ ತುಂಬಬೇಕ್ರಿ. ತುಂಬೂಣೇನು?"

ಉಪ್ಪಿಟ್ಟು ಗಂಟಲಲ್ಲಿ ನಿಂತಿತು. ನಾಳೆ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬನ್ನಿರಿ ಎಂದು ಹೇಳಿ, ವಿಳಾಸ ಕೊಟ್ಟು ಡೊಂಬಿವಲಿಯ ಗಾಡಿ ಹಿಡಿದೆವು. ಕಿಟಕಿಯ ಬಳಿ ಜಾಗ ಸಿಕ್ಕಿತ್ತು. ಆದರೂ ಅಂದು ನಿದ್ರೆ ಹತ್ತಲಿಲ್ಲ.

ನಮ್ಮ ವಾಚಕರ ಪೈಕಿ ಅನೇಕರ ಮನೆಯಲ್ಲಿ ಇಂಥ ಒಂದು ಕೂಸಾದರೂ ಇದ್ದೇ ಇದೆ. ಇಷ್ಟಪಟ್ಟೋ, ಸೀಟು ಸಿಕ್ಕಿತೆಂದೋ, ಮನೆಗೆ ಹತ್ತಿರದ ಕಾಲೇಜೆಂದೋ ಬಿ.ಎ. ಓದುತ್ತದೆ. ಓದಿ ಹೊರಗೆ ಬಂದ ಮೇಲೆ ಮುಂಬಯಿಯ ಪೇಟೆ ಅದನ್ನು ಒಂದೇ ಪ್ರಶ್ನೆ ಕೇಳುತ್ತದೆ: "ಬಿ.ಕಾಂ. ಆಗಿದೆಯೇ?" ನಮ್ಮ ಬಗ್ಗೆ ಹೇಳುವುದಾದರೆ, ನಾವು ಧಾರವಾಡದಲ್ಲಿ ಇತಿಹಾಸ ಓದಿದವರು. ಚಾಲುಕ್ಯರ ವಂಶಾವಳಿಯನ್ನು ಕಣ್ಣು ಮುಚ್ಚಿ ಹೇಳುತ್ತಿದ್ದೆವು. ಕಿರಾಣಿ ಅಂಗಡಿಯ ಚೀಟಿಯನ್ನು ಕೂಡಿಸಲು ಮಾತ್ರ ಕಣ್ಣು ತೆರೆದರೂ ಆಗುತ್ತಿರಲಿಲ್ಲ.

ವಂಶದ ಗುಣವೆಂದು ದೂರುವಂತೆಯೂ ಇಲ್ಲ. ನಮ್ಮ ಮುತ್ತಜ್ಜ ಊರಿನ ಕುಲಕರ್ಣಿ. ಕಂದಾಯದ ಲೆಕ್ಕ ಬರೆದೇ ಬದುಕಿದವರು. 1950ರ ಮುಂಬಯಿ ಕಾಯಿದೆ ಕುಲಕರ್ಣಿ ವತನಗಳನ್ನು ರದ್ದು ಮಾಡಿದ ಮೇಲೆ ಮನೆಯಲ್ಲಿ ಉಳಿದದ್ದು ಮೋಡಿ ಲಿಪಿಯ ಒಂದು ಗಂಟು ದಫ್ತರ ಮಾತ್ರ. ಅದನ್ನು ಓದಬಲ್ಲವರು ಈಗ ನಮ್ಮ ಮನೆಯಲ್ಲಿ ಯಾರೂ ಇಲ್ಲ. ಹೀಗೆ ಲೆಕ್ಕ ನಮ್ಮ ಮನೆಯ ಅಟ್ಟದ ಮೇಲೆ ಇತ್ತು, ತಲೆಯಲ್ಲಿ ಇರಲಿಲ್ಲ.

2011ರಲ್ಲಿ ಸರಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿ ಮುಂಬಯಿಗೆ ಬಂದೆವು. ಕೊಟ್ಟದ್ದು ಟಪಾಲು ಶಾಖೆ. ಬಂದ ಕಾಗದಕ್ಕೆ ನಂಬರು ಹಾಕುವುದು, ಹೋಗುವ ಕಾಗದಕ್ಕೆ ನಂಬರು ಹಾಕುವುದು. ನಾಲ್ಕು ವರ್ಷ ಹಾಕಿದೆವು. ಬಿಟ್ಟರೆ ನಿವೃತ್ತಿಯ ವರೆಗೆ ಹಾಕುತ್ತಿದ್ದೆವು. ಅಷ್ಟರಲ್ಲಿ ಲೆಕ್ಕ ಬಲ್ಲವರಿಗೆ ಮುಂದೆ ದಾರಿ ಇದೆಯೆಂದು ಯಾರೋ ಹೇಳಿದರು. ಸ್ಟೇಶನ್ನಿನ ಎದುರಿನ ಮಾಳಿಗೆಯ ಮೇಲೆ ಒಂದು ಕ್ಲಾಸು, ಅದಕ್ಕೊಂದು ಥಳಥಳ ಹೊಳೆಯುವ ಬೋರ್ಡು. ಫೀ 38 ಸಾವಿರ. ನಮ್ಮ ಮನೆಯಾಕೆಯ ಕೈಯಲ್ಲಿ ಆಗ ನಾಲ್ಕು ಚಿನ್ನದ ಬಳೆಗಳಿದ್ದವು. ತವರಿನವು. ನಾವು ಕೇಳಲಿಲ್ಲ. ಆಕೆಯೇ ಎರಡು ತೆಗೆದುಕೊಟ್ಟಳು. ಕೇಳದಿದ್ದುದಕ್ಕೆ ಆಗ ನಮಗೆ ಸ್ವಲ್ಪ ಹೆಮ್ಮೆಯೂ ಇತ್ತು.

ಆ ಕ್ಲಾಸಿನಲ್ಲಿ ಕಲಿತದ್ದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಕಂಪ್ಯೂಟರಿನಲ್ಲಿ ಟ್ಯಾಲಿ ತೆರೆಯುವುದನ್ನು ಕಲಿತೆವು. ಎಫ್ 5 ಒತ್ತಿದರೆ ಪಾವತಿ, ಎಫ್ 6 ಒತ್ತಿದರೆ ವಸೂಲಿ, ಎಫ್ 8 ಒತ್ತಿದರೆ ಮಾರಾಟ. ಯಾವ ಕೀಲಿ ಒತ್ತಬೇಕೆಂದು ಕಲಿಸಿದರು. ಏಕೆ ಒತ್ತಬೇಕೆಂದು ಯಾರೂ ಹೇಳಲಿಲ್ಲ, ಕೇಳುವಷ್ಟು ಬುದ್ಧಿ ನಮಗೂ ಇರಲಿಲ್ಲ. (ಟ್ಯಾಲಿಯ ದೋಷವಲ್ಲ ಇದು. ಅದು ನಮ್ಮ ಬೆಂಗಳೂರಿನದೇ ಸರಕು. 1986ರಲ್ಲಿ ಗೋಯೆಂಕಾ ತಂದೆ-ಮಗ ಆರಂಭಿಸಿದ್ದು. ವ್ಯಾಪಾರಿ ತಂದೆಯ ಲೆಕ್ಕಕ್ಕಾಗಿ ಮಗ ಬರೆದ ಪ್ರೋಗ್ರಾಮು ಇಂದು ದೇಶದ ಮೂಲೆಮೂಲೆಯ ಅಂಗಡಿಯಲ್ಲಿದೆ.) ನಾಲ್ಕು ತಿಂಗಳಾದ ಮೇಲೆ ಒಂದು ಸೋಮವಾರ ಹೋದರೆ ಮಾಳಿಗೆಯ ಶಟರಿಗೆ ಬೀಗ. ಬೀಗದ ಮೇಲೆ ಒಂದು ಚೀಟಿ, ಚೀಟಿಯ ಮೇಲೆ ಒಂದು ಫೋನ್ ನಂಬರು. ಆ ಫೋನನ್ನು ಇಂದಿಗೂ ಯಾರೂ ಎತ್ತಿಲ್ಲ. ಬೋರ್ಡು ಮಾತ್ರ ಇನ್ನೂ ಮೂರು ತಿಂಗಳು ಹೊಳೆಯುತ್ತಿತ್ತು.

ಮನೆಗೆ ಬಂದು ಹೇಳಿದೆವು. ಆಕೆ "ಊಟಕ್ಕ ಏಳ್ರಿ" ಎಂದಳು. ಅಂದಿನಿಂದ ಆ ವಿಷಯ ನಮ್ಮ ಮನೆಯಲ್ಲಿ ಬಂದಿಲ್ಲ.

ವಿಧಿಯ ವಿನೋದವೆಂದರೆ, 2017ರಲ್ಲಿ ನಮ್ಮನ್ನು ಲೆಕ್ಕದ ಶಾಖೆಗೇ ಹಾಕಿದರು. ಯೋಗ್ಯತೆ ನೋಡಿ ಅಲ್ಲ. ಅಲ್ಲಿದ್ದವರು ನಿವೃತ್ತರಾದರು, ಕುರ್ಚಿ ಖಾಲಿ ಇತ್ತು.

ಮೊದಲ ವಾರವೇ ತಲೆ ಕೆಟ್ಟಿತು. ಪಠ್ಯಪುಸ್ತಕ ಹೇಳುತ್ತದೆ: ನಗದು ಬಂದರೆ ಡೆಬಿಟ್, ಹೋದರೆ ಕ್ರೆಡಿಟ್. ಸರಿ. ಆದರೆ ನಮ್ಮ ಸಂಬಳ ಬಂದ ದಿನ ಬ್ಯಾಂಕಿನಿಂದ ಮೊಬೈಲಿಗೆ ಬರುವ ಸಂದೇಶವೇನು? ಇಷ್ಟು ರೂಪಾಯಿ ಕ್ರೆಡಿಟ್ ಆಗಿದೆ. ಮನೆ ಬಾಡಿಗೆ ಹೋದ ದಿನ? ಡೆಬಿಟ್ ಆಗಿದೆ. ಪುಸ್ತಕ ಒಂದು ಹೇಳುತ್ತದೆ, ಬ್ಯಾಂಕು ಅದರ ತಿರುವುಮುರುವು ಹೇಳುತ್ತದೆ. ಸಹೋದ್ಯೋಗಿಗಳನ್ನು ಕೇಳಿದರೆ "ಅದು ಹಾಗೆಯೇ, ಬಾಯಿಪಾಠ ಮಾಡು" ಎಂದರು. ಇತಿಹಾಸದವರಿಗೆ ಬಾಯಿಪಾಠ ಹೊಸದಲ್ಲ. ಮಾಡಿದೆವು. ಆದರೆ ಬಾಯಿಪಾಠದಿಂದ ಬರೆದ ಕ್ಯಾಶ್ ಪುಸ್ತಕ ಸಂಜೆಯ ಶಿಲ್ಕಿಗೆ ತಾಳೆಯಾಗುವುದಿಲ್ಲ.

ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ ಉಡುಪಿ ಕಡೆಯ ಒಬ್ಬ ಹಿರಿಯರಿದ್ದಾರೆ. ಹೋಟೆಲುಗಳ ಲೆಕ್ಕ ಬರೆದು ಬರೆದು ಊರಿಗೆಲ್ಲ ಅವರು 'ರೈಟರ್ ಮಾಮ'. ಹುಡುಗನಾಗಿ ಮುಂಬಯಿಗೆ ಬಂದು, ಹಗಲೆಲ್ಲ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರು. ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಕೂತು ಕಿರ್ದಿ, ಖತಾವಣಿ ಕಲಿತವರು. ಎಪ್ಪತ್ತು ದಾಟಿದ ಮೇಲೂ ಎರಡು ಹೋಟೆಲುಗಳ ಪುಸ್ತಕ ಅವರ ಕೈಯಲ್ಲೇ ಇವೆ. ಒಂದು ಸಂಜೆ ಮೆಟ್ಟಿಲ ಮೇಲೆ ನಮ್ಮ ಸಂಕಟ ತೋಡಿಕೊಂಡೆವು.

"ಆ ಮೆಸೇಜು ಕಳಿಸಿದ್ದು ಯಾರು?" ಎಂದರು.

"ಬ್ಯಾಂಕಿನವರು."

"ಹಾಗಾದ್ರೆ ಅದು ಯಾರ ಪುಸ್ತಕ ಮಾರಾಯ್ರೆ?"

ನಾವು ಸುಮ್ಮನಾದೆವು.

"ನೀವು ಬ್ಯಾಂಕಿಗೆ ದುಡ್ಡು ಕೊಟ್ರಿ. ಬ್ಯಾಂಕು ನಿಮಗೆ ಸಾಲಗಾರ ಆಯ್ತು. ಅವರ ಪುಸ್ತಕದಲ್ಲಿ ನೀವು ಕೊಟ್ಟವರು, ಕೊಟ್ಟವರಿಗೆ ಕ್ರೆಡಿಟ್. ನಿಮ್ಮ ಪುಸ್ತಕದಲ್ಲಿ ಬ್ಯಾಂಕು ತಕ್ಕೊಂಡದ್ದು, ತಕ್ಕೊಂಡವರಿಗೆ ಡೆಬಿಟ್. ದುಡ್ಡು ಒಂದೇ, ಪುಸ್ತಕ ಎರಡು. ನೀವು ಅವರ ಪುಸ್ತಕ ಓದಿ ನಿಮ್ಮದು ಅಂತ ತಿಳ್ಕೊಂಡಿದ್ದೀರಿ."

ವಾಚಕರೇ, ಆ ಮೆಟ್ಟಿಲ ಮೇಲೆ ನಮಗಾದ ಆನಂದವನ್ನು ಬಣ್ಣಿಸಲಾರೆವು. ಏಕೆಂದರೆ ಈ ಪ್ರಶ್ನೆ ನಮಗೆ ಹಳೆಯ ಪರಿಚಯದ್ದು. ಶಾಸನವನ್ನು ಓದುವ ಮೊದಲು ಅದನ್ನು ಬರೆಸಿದವರಾರು ಎಂದು ಕೇಳಬೇಕೆಂದು ನಮ್ಮ ಇತಿಹಾಸದ ಗುರುಗಳು ಮೂರು ವರ್ಷ ಹೇಳಿದ್ದರು. ಗೆದ್ದ ಅರಸನ ಶಾಸನದಲ್ಲಿ ಒಂದು ಯುದ್ಧ, ಸೋತವನ ಶಾಸನದಲ್ಲಿ ಇನ್ನೊಂದು ಯುದ್ಧ. ಆ ಯುದ್ಧ ನಡೆದದ್ದು ಒಂದೇ ಬಯಲಿನಲ್ಲಿ. ಒಂದು ವೋಚರೂ ಅಷ್ಟೇ: ಬರೆದವರಾರು, ಎಂದು ಬರೆದರು, ಯಾತಕ್ಕೆ ಬರೆದರು, ಸಾಕ್ಷಿ ಯಾವುದು? ನಾವು ಓದಿದ್ದು ನೀರಿನಲ್ಲಿ ಹೋಮವಾಗಿರಲಿಲ್ಲ.

ಆ ಹುಮ್ಮಸ್ಸಿನಲ್ಲಿ ಇನ್ನಷ್ಟು ಓದಿದೆವು. ದ್ವಿನಮೂದು ಪದ್ಧತಿಯನ್ನು ಮೊದಲು ಅಚ್ಚಿನಲ್ಲಿ ವಿವರಿಸಿದ ಲೂಕಾ ಪಾಚೋಲಿ ವ್ಯಾಪಾರಿಯೇ ಅಲ್ಲ. ಆತ ಗಣಿತ ಹೇಳುತ್ತಿದ್ದ ಒಬ್ಬ ಕ್ರೈಸ್ತ ಸಂನ್ಯಾಸಿ. 1494ರಲ್ಲಿ ವೆನಿಸ್ಸಿನಲ್ಲಿ ಅಚ್ಚಾದ ಅವನ ದೊಡ್ಡ ಗಣಿತಗ್ರಂಥದ ಒಂದು ಭಾಗದಲ್ಲಿ, ಅಲ್ಲಿಯ ವರ್ತಕರು ಆಗಲೇ ಬಳಸುತ್ತಿದ್ದ ಪದ್ಧತಿಯನ್ನು ಬರೆದಿಟ್ಟ. ಸಂನ್ಯಾಸಿಗೆ ಡೆಬಿಟ್-ಕ್ರೆಡಿಟ್ ತಿಳಿದ ಮೇಲೆ ಸಂಸಾರಿಗೆ ತಿಳಿಯದೇ?

ಸರಕಾರದ ಲೆಕ್ಕ ಹೋಟೆಲಿನ ಲೆಕ್ಕಕ್ಕಿಂತ ಬೇರೆ ಎಂಬುದು ಆಮೇಲೆ ತಿಳಿಯಿತು. ಇಲ್ಲಿ ಮುಖ್ಯವಾಗಿ ನಗದಿನ ಲೆಕ್ಕ: ಹಣ ಬಂದಾಗ ಜಮೆ, ಕೊಟ್ಟಾಗ ಖರ್ಚು. ಪ್ರತಿಯೊಂದಕ್ಕೂ ಅಂಕಿಗಳ ಗೋತ್ರ-ಸೂತ್ರವಿದೆ. ಪ್ರಧಾನ ಶೀರ್ಷಿಕೆಗೆ ನಾಲ್ಕು ಅಂಕಿ. ಮೊದಲ ಅಂಕಿ 0 ಅಥವಾ 1 ಇದ್ದರೆ ಆದಾಯ, 2 ಅಥವಾ 3 ಇದ್ದರೆ ರಾಜಸ್ವ ಖರ್ಚು, 4 ಅಥವಾ 5 ಇದ್ದರೆ ಬಂಡವಾಳದ ಖರ್ಚು, 8 ಇದ್ದರೆ ಸಾರ್ವಜನಿಕ ಲೆಕ್ಕ. 2071 ಎಂದರೆ ಪಿಂಚಣಿ, 2202 ಎಂದರೆ ಸಾಮಾನ್ಯ ಶಿಕ್ಷಣ. ವಂಶಾವಳಿ ಬಾಯಿಪಾಠ ಮಾಡಿದವರಿಗೆ ಇದು ಕಷ್ಟವಾಗಲಿಲ್ಲ.

ಕಷ್ಟವಾದದ್ದು ಬೇರೆ. ಬಿ.ಕಾಂ.ನವರು ಮೂರು ವರ್ಷ ದಿನವೂ ಮಾಡಿದ ಕೂಡುವ-ಕಳೆಯುವ ಅಭ್ಯಾಸ ನಮಗಿಲ್ಲ. ಅವರ ಕಣ್ಣು ಅಂಕಿಗಳ ಸಾಲಿನ ಮೇಲೆ ಹರಿಯುತ್ತದೆ, ನಮ್ಮದು ಪ್ರತಿ ಅಂಕಿಗೂ ಎಡವುತ್ತದೆ. ಇಲಾಖೆಯ ಲೆಕ್ಕದ ಪರೀಕ್ಷೆಯಲ್ಲಿ ನಾವು ಮೊದಲ ಸಲ ನಪಾಸಾದೆವು. ಎರಡನೆಯ ಸಲ ಪಾಸಾದರೂ ಡಂಗುರ ಸಾರುವಂಥ ಗುಣಗಳೇನೂ ಬರಲಿಲ್ಲ. ಆ ಎರಡು ವರ್ಷ ರವಿವಾರವೆಂಬುದು ನಮ್ಮ ಮಗನಿಗೆ ಇರಲಿಲ್ಲ. ಅವನು ಪಾರ್ಕಿಗೆ ಹೋಗೋಣವೆಂದಾಗಲೆಲ್ಲ ನಾವು 'ಈ ಒಂದು ಪ್ರಶ್ನೆ' ಎನ್ನುತ್ತಿದ್ದೆವು. ಕೊನೆಕೊನೆಗೆ ಅವನು ಕೇಳುವುದನ್ನೇ ಬಿಟ್ಟ.

ಒಂದು ರಾತ್ರಿಯ ಮಾತು. ಮಾರ್ಚ್ 31 ಹತ್ತಿರ ಬಂದಿತ್ತು. 270 ರೂಪಾಯಿ ವ್ಯತ್ಯಾಸ. ಎಂಟೂವರೆಯ ವರೆಗೆ ಹುಡುಕಿದೆವು. ಕೈಯಿಂದ ತುಂಬಿಬಿಡೋಣವೆಂಬ ದುರ್ಬುದ್ಧಿಯೂ ಬಂತು. ಲೆಕ್ಕದಲ್ಲಿ ಅದಕ್ಕಿಂತ ದೊಡ್ಡ ಪಾಪವಿಲ್ಲವೆಂಬುದು ಆಗ ಗೊತ್ತಿರಲಿಲ್ಲ. ಸೋತು ಮಾಮನಿಗೆ ಫೋನು ಮಾಡಿದೆವು.

"ಒಂಬತ್ತರಿಂದ ಭಾಗಿಸಿ."

"ಮೂವತ್ತು ಬಂತು."

"ಶೇಷ ಇಲ್ಲ ಅಲ್ವಾ? ಹಾಗಾದ್ರೆ ಅಂಕಿ ಅದಲುಬದಲಾಗಿದೆ. ನೂರರ ಜಾಗದ್ದು ಹತ್ತಕ್ಕೆ, ಹತ್ತರದ್ದು ನೂರಕ್ಕೆ. ಎರಡಕ್ಕೂ ಮೂರು ವ್ಯತ್ಯಾಸ ಇರುವ ಜೋಡಿ ಹುಡುಕಿ."

ಎರಡೇ ನಿಮಿಷ. 1,360 ಇರಬೇಕಾದಲ್ಲಿ 1,630 ಎಂದು ನಮ್ಮದೇ ಅಕ್ಷರದಲ್ಲಿ ಕೂತಿತ್ತು. ಅಂಕಿಗಳು ಅದಲುಬದಲಾದರೆ ವ್ಯತ್ಯಾಸ ಯಾವಾಗಲೂ ಒಂಬತ್ತರಿಂದ ಶೇಷವಿಲ್ಲದೆ ಭಾಗವಾಗುತ್ತದೆ. ಹಾಗೆ ಆಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ ಆ ಮೊತ್ತವನ್ನು ಹುಡುಕಬೇಕು. ಒಂದು ಬದಿಗೆ ಬರೆಯಬೇಕಾದದ್ದನ್ನು ಇನ್ನೊಂದು ಬದಿಗೆ ಬರೆದಿದ್ದರೆ ಅದು ಇಮ್ಮಡಿಯಾಗಿ ಕಾಣುತ್ತದೆ. 38 ಸಾವಿರದ ಕ್ಲಾಸಿನಲ್ಲಿ ಇದನ್ನು ಹೇಳಿರಲಿಲ್ಲ. ಮಾಮ ಇದಕ್ಕೆ ತೆಗೆದುಕೊಂಡ ಫೀ ಒಂದು ಡಬ್ಬಿ ಧಾರವಾಡ ಪೇಡೆ. ಅದನ್ನೂ ನಾವಾಗಿ ಕೊಟ್ಟದ್ದು.

ಇರಲಿ. ರವಿವಾರ ತಾಯಿ-ಮಗಳು ಬಂದರು. ಹುಡುಗಿಗೆ ಇಪ್ಪತ್ತೆರಡು. ಮಾತು ಕಡಿಮೆ. ತಂದೆ ಹೋಟೆಲೊಂದರಲ್ಲಿ ಮ್ಯಾನೇಜರು. ಮೊಣಕಾಲಿನ ನೋವಿನಿಂದ ಈಗ ಅರ್ಧ ದಿನ ಮಾತ್ರ ಹೋಗುತ್ತಾರೆ, ಅರ್ಧ ಪಗಾರ. ತಾಯಿ ಚಪಾತಿ ಲಟ್ಟಿಸಿ ಡಬ್ಬಿ ಕೊಡುತ್ತಾರೆ. 85 ಸಾವಿರ ಹೇಗೆ ಕೂಡಿತೆಂದು ನಾವು ಕೇಳಲಿಲ್ಲ. ಕ್ಲಾಸಿನ ಬಣ್ಣದ ಕಾಗದವನ್ನು ಹುಡುಗಿ ನಮ್ಮ ಮುಂದಿಟ್ಟಳು. ಶೇಕಡಾ ನೂರು ನೌಕರಿಯ ಭರವಸೆ ದಪ್ಪ ಅಕ್ಷರದಲ್ಲಿತ್ತು. ಕಟ್ಟಿದ ಹಣ ಮರಳುವುದಿಲ್ಲ ಎಂಬುದನ್ನು ಓದಲು ನಾವು ಕನ್ನಡಕ ತೆಗೆದು ಒರೆಸಬೇಕಾಯಿತು.

ನಮಗೆ ತಿಳಿದ ಬಾಗಿಲುಗಳನ್ನು ಹೇಳಿದೆವು. ಚಾರ್ಟರ್ಡ್ ಅಕೌಂಟೆಂಟ್ ಆಗಲು ಪದವೀಧರರು ಮೊದಲ ಮೆಟ್ಟಿಲು ಬಿಟ್ಟು ನೇರವಾಗಿ ಇಂಟರ್‌ಮೀಡಿಯೆಟ್‌ಗೆ ಹೋಗಬಹುದು. ಆದರೆ ವಾಣಿಜ್ಯದವರಿಗೆ ಶೇಕಡಾ 55, ಉಳಿದವರಿಗೆ ಶೇಕಡಾ 60 ಗುಣ ಬೇಕು. ಹುಡುಗಿಗೆ ಬಂದದ್ದು 54. ಅಂದರೆ ಹನ್ನೆರಡನೆಯ ತರಗತಿ ಮುಗಿಸಿದ ಮಕ್ಕಳೊಡನೆ ಫೌಂಡೇಶನ್ ಪರೀಕ್ಷೆಗೆ ಕೂಡಬೇಕು. ಆಮೇಲೆ ಇಂಟರ್‌ಮೀಡಿಯೆಟ್, 2023ರ ಹೊಸ ಯೋಜನೆಯ ಪ್ರಕಾರ ಎರಡು ವರ್ಷ ಆರ್ಟಿಕಲ್‌ಶಿಪ್, ತರುವಾಯ ಫೈನಲ್. ಆರ್ಟಿಕಲ್‌ಶಿಪ್ಪಿನಲ್ಲಿ ಕೊಡುವ ಸ್ಟೈಪೆಂಡಿನಿಂದ ಮನೆ ನಡೆಯುವುದಿಲ್ಲ. ಗಳಿಸಬೇಕಾದ ಒಂದು ಜೀವವನ್ನು ನಾಲ್ಕೈದು ವರ್ಷ ಸಾಕಬಲ್ಲ ಮನೆಗೆ ಅದು ಒಳ್ಳೆಯ ಬಾಗಿಲು. ಕಾಸ್ಟ್ ಅಕೌಂಟೆಂಟರ ಸಂಸ್ಥೆ ಲಲಿತಕಲೆಯ ಪದವಿಯನ್ನು ಬಿಟ್ಟು ಬೇರೆ ಯಾವ ಪದವಿಯವರನ್ನೂ ನೇರ ಇಂಟರ್‌ಮೀಡಿಯೆಟ್‌ಗೆ ತೆಗೆದುಕೊಳ್ಳುತ್ತದೆ, ಶೇಕಡಾವಾರಿನ ತಕರಾರಿಲ್ಲ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಎಂ.ಕಾಂ.ಗೆ ಯಾವ ಪದವಿಯಾದರೂ ನಡೆಯುತ್ತದೆ. ಇನ್ನೊಂದು ಬಾಗಿಲು ಸ್ಟಾಫ್ ಸೆಲೆಕ್ಷನ್ ಕಮಿಷನ್ನಿನ ಪದವೀಧರರ ಪರೀಕ್ಷೆ. ಅದರಿಂದ ಅಕೌಂಟೆಂಟ್, ಆಡಿಟರ್ ಹುದ್ದೆಗಳಿಗೆ ಯಾವ ಪದವಿಯವರೂ ಹೋಗಬಹುದು. ವಯಸ್ಸಿನ ಮಿತಿ ಇದೆ, ಆದರೆ ಇಪ್ಪತ್ತೆರಡಕ್ಕೆ ಅದರ ಅಂಜಿಕೆಯಿಲ್ಲ. ನಮ್ಮ ಮಟ್ಟಿಗೆ ನಾವು ಈಗಲೂ ಗುಮಾಸ್ತರೇ, ಟಪಾಲಿನ ಬದಲು ಲೆಕ್ಕದ ಗುಮಾಸ್ತರು ಎಂದೂ ಹೇಳಿದೆವು. ಮುಚ್ಚಿಡುವುದು ಸರಿ ಕಾಣಲಿಲ್ಲ.

ತಾಯಿ ಎಲ್ಲ ಕೇಳಿ ನಿಟ್ಟುಸಿರು ಬಿಟ್ಟರು. "ಇವೆಲ್ಲಾ ವರ್ಷಗಟ್ಟಲೆ ಆದವು. ಅವರು ಆರು ತಿಂಗಳಂತಾರ."

ನಾವು ಬಾಯಿ ತೆರೆಯುವಷ್ಟರಲ್ಲಿ ಚಹಾದ ಕಪ್ಪು ಹಿಡಿದು ಬಂದ ನಮ್ಮ ಮನೆಯಾಕೆ ಕಪ್ಪುಗಳನ್ನು ಕೆಳಗಿಟ್ಟು ಆ ಹುಡುಗಿಯ ಮಗ್ಗುಲಲ್ಲಿ ಕುಳಿತಳು. ಎರಡೂ ಕೈ ಮುಂದೆ ಚಾಚಿದಳು.

"ನೋಡವ್ವಾ, ಇಲ್ಲಿ ನಾಲ್ಕು ಇದ್ದುವು. ಇವರಿಗೆ ನಾಲ್ಕು ತಿಂಗಳದಾಗ ಕಲಸ್ತೀವಂದಿದ್ರು. ಎರಡು ಹೋದುವು. ಹೋದದ್ದಕ್ಕ ನನಗ ಸಿಟ್ಟಿಲ್ಲ. ಕೊಡೋ ಮುಂದ ಆ ಕ್ಲಾಸಿನ್ಯಾಗ ಹೋಗಿ ಒಂದ ದಿನಾ ಕೂತು ನೋಡಿ ಬರ್ರಿ ಅಂತ ನನಗ ಅನಸಿತ್ತು. ಬಿ.ಎ. ಓದಿದವರಿಗೆ ನಾ ಏನ್ ಹೇಳೋದು ಅಂತ ಸುಮ್ಮನಾದೆ. ಅದಕ್ಕ ಸಿಟ್ಟೈತಿ."

ಎಷ್ಟೋ ವರ್ಷದ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಕೇಳಿಬಂತು. ನಾವು ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತೆವು.

ಹುಡುಗಿ ಮೊದಲ ಸಲ ಬಾಯಿ ತೆರೆದಳು. "ಕಾಕೂ, ಫೀ ತುಂಬೋಕಿಂತ ಮೊದಲ ಲೆಕ್ಕ ನನಗ ಸೇರ್ತದೋ ಇಲ್ಲೋ ಅಂತ ತಿಳಿಯೂದು ಹ್ಯಾಂಗ?"

ನಾವು ಬಿ.ಎ. ಆದವರು, ಎರಡು ಪರೀಕ್ಷೆ ಕಟ್ಟಿದವರು. ನಮಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಅವಳನ್ನು ಕೆಳಗಿನ ಮನೆಗೆ ಕರೆದುಕೊಂಡು ಹೋದೆವು.

ಸೋಮವಾರ ಬಂತು, ಹೋಯಿತು. ಹಣ ಕಟ್ಟಲಿಲ್ಲ. ಈಗ ನಾಲ್ಕನೆಯ ತಿಂಗಳು ನಡೆದಿದೆ. ದಿನವೂ ಸಂಜೆ ಎರಡು ತಾಸು ಆಕೆ ರೈಟರ್ ಮಾಮನ ಮನೆಯಲ್ಲಿ ಹೋಟೆಲಿನ ಕಿರ್ದಿ ಬರೆಯುತ್ತಾಳೆ. ಮೊದಲ ತಿಂಗಳು ಕೈಬರಹದಲ್ಲೇ, ಕಂಪ್ಯೂಟರನ್ನು ಮುಟ್ಟಗೊಡಲಿಲ್ಲ. ಜಿ.ಎಸ್.ಟಿ. ಬಂದ ಮೇಲೆ ಸಾಮಾನ್ಯ ಹೋಟೆಲುಗಳಿಗೆ 2017ರ ನವೆಂಬರ್ 15ರಿಂದ ಶೇಕಡಾ 5 ತೆರಿಗೆಯಾಯಿತಲ್ಲ, ಅದರ ಜೊತೆಗೆ, ಸಾಮಾನು ಕೊಳ್ಳುವಾಗ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವ ಹಕ್ಕು ಹೋಯಿತು. ಆದ್ದರಿಂದ ರುಬ್ಬುವ ಯಂತ್ರದ ಮೇಲಿನ ತೆರಿಗೆ ಯಂತ್ರದ ಬೆಲೆಯಲ್ಲೇ ಸೇರುತ್ತದೆ. ಇದನ್ನು ಮೊನ್ನೆ ಆಕೆಯೇ ನಮಗೆ ವಿವರಿಸಿದಳು. ನಮಗೆ ಗೊತ್ತಿದ್ದವರಂತೆ ತಲೆ ಹಾಕಿದೆವು. ಹೋಟೆಲಿನ ಮಾಲಕರು ಎರಡನೆಯ ತಿಂಗಳಿನಿಂದ ಸ್ವಲ್ಪ ಸಂಬಳ ಗೊತ್ತುಮಾಡಿದ್ದಾರೆ. ಹೆಚ್ಚೇನಲ್ಲ. ಕಾಸ್ಟ್ ಅಕೌಂಟೆಂಟರ ಇಂಟರ್‌ಮೀಡಿಯೆಟ್‌ಗೆ ಹೆಸರು ನೋಂದಾಯಿಸುವ ವಿಚಾರ ಮಾಡುತ್ತಿದ್ದಾಳೆ. ಮನೆಯಲ್ಲಿ ಇನ್ನೂ ಒಪ್ಪಿಗೆ ಪೂರ್ತಿಯಾಗಿಲ್ಲ. ಮದುವೆಯ ಮಾತೂ ನಡೆದಿದೆ ಎಂದು ಕೇಳಿದ್ದೇವೆ.

ಕಳೆದ ವಾರ ಊಟಕ್ಕೆ ಕೂತಾಗ ಫೋನು ಬಂತು.

"ಕಾಕಾ, ಮಾಮಾ ಊರಿಗೆ ಹೋಗ್ಯಾರ. ಹದಿನೆಂಟು ರೂಪಾಯಿ ತಾಳೆ ಆಗವಲ್ದಾಗಿತ್ತು."

"ಒಂಬತ್ತರಿಂದ…"

"ಭಾಗಿಸಿದೆ. ಎರಡು ಬಂತು. ಸಿಕ್ತು. ಹಾಲಿನ ಲೆಕ್ಕದಾಗ 46 ಬರಿಯೋ ಕಡೆ 64 ಬರೆದಿದ್ದೆ. ನಿಮಗ ಹೇಳೂಣಂತ ಫೋನ್ ಮಾಡಿದೆ, ಅಷ್ಟ."

ಫೋನು ಇಟ್ಟು ನೋಡಿದರೆ ನಮ್ಮ ಎಲೆಯ ಮೇಲಿನ ಹಪ್ಪಳವನ್ನು ಮಗ ತಿಂದು ಮುಗಿಸಿದ್ದ.